ಯಾವ ಕೋಣೆಗೆ ಯಾವ ಬಣ್ಣ? ಶೇಡ್ ಕಾರ್ಡ್ ನೋಡಿ ನೋಡಿ ತಲೆ ಕೆಟ್ಟಿದೆ

ಬಿಳಿಹಾಳೆ
ಎಲ್ಲರಿಗೂ ನಮಸ್ಕಾರ. ಮನೆಗೆ ಪೇಂಟ್ ಮಾಡಿಸಬೇಕು, ಬಣ್ಣ ಮಾತ್ರ ತೀರ್ಮಾನ ಆಗ್ತಾ ಇಲ್ಲ. ಒಂದು ಹಾಲ್, ಅಡುಗೆಮನೆ, ಎರಡು ಬೆಡ್‌ರೂಮ್, ಒಂದು ಬಾತ್‌ರೂಮ್. ನಡುವೆ ಕಿಟಕಿಯೇ ಇಲ್ಲದ ಉದ್ದನೆಯ ಪ್ಯಾಸೇಜ್. ಹಾಲ್‌ನ ನೆಲಕ್ಕೆ ತಿಳಿ ಕಂದು ಟೈಲ್ಸ್, ಅದರಲ್ಲಿ ನಸುಗುಲಾಬಿ ಛಾಯೆ ಇದೆ. ಸೋಫಾ ಕಡು ಹಸಿರು. ಟೈಲ್ಸೂ ಸೋಫಾನೂ ಬದಲಾಗುವುದಿಲ್ಲ.

ಹಾಲ್‌ಗೆ ತಿಳಿ ಬೂದು ಅಂತ ಮನಸ್ಸು ಮಾಡಿದ್ದೆವು. ಫೋಟೊಗಳಲ್ಲಿ ಬಹಳ ಚೆನ್ನಾಗಿ ಕಾಣುತ್ತಿತ್ತು. ಶೇಡ್ ಕಾರ್ಡ್ ತಂದು ಸೋಫಾದ ಹಿಂದಿನ ಗೋಡೆಗೆ ಹಿಡಿದರೆ ಅದೇ ಬೂದು ನೇರಳೆ ಕಡೆ ಹೋಗುತ್ತಿದೆ. ಅದೇ ಕಾರ್ಡನ್ನು ಅಡುಗೆಮನೆಗೆ ತಂದರೆ ಸರಿಯಾಗಿ ಕಾಣುತ್ತದೆ. ಕಾರ್ಡಿನದು ತಪ್ಪೋ, ನಮ್ಮ ಕಣ್ಣಿನದೋ?

ಇನ್ನೆರಡು ಪ್ರಶ್ನೆ. ಬೆಡ್‌ರೂಮ್‌ಗೆ ನೀಲಿ ಹಾಕಿದರೆ ನಿದ್ದೆ ಚೆನ್ನಾಗಿ ಬರುತ್ತೆ ಅಂತಾರೆ, ನಿಜಾನಾ? ಕತ್ತಲೆ ಪ್ಯಾಸೇಜ್‌ಗೆ ಬಿಳಿ ಬಿಟ್ಟು ಬೇರೆ ಬಣ್ಣ ಹಾಕಲೇಬಾರದಾ?

ಸುಣ್ಣದಗೋಡೆ
ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಎಲ್ಲ ಕೋಣೆಗೂ ಬಿಳಿ ಹೊಡೆಸಿಬಿಡಿ. ಪರದೆ, ದಿಂಬು, ಕುರ್ಚಿ ಯಾವ ಬಣ್ಣದ್ದಾದರೂ ನಡೆಯುತ್ತದೆ. ಮುಂದೆ ಮನಸ್ಸು ಬದಲಾದರೆ ಪರದೆ ಬದಲಾಯಿಸಿ, ಗೋಡೆ ಮುಟ್ಟಬೇಕಾಗಿಲ್ಲ.

ರೋಲರ್‌ಕೈ
ಯಾವ ಬಿಳಿ ಅಂತಾನೂ ಹೇಳಿಬಿಡಿ ಮತ್ತೆ! ನನ್ನ ಕೆಲಸವೇ ಪೇಂಟಿಂಗ್. ಮನೆಯವರು ಜಾಸ್ತಿ ಹೊತ್ತು ವಾದ ಮಾಡುವುದು ಬಿಳಿಯ ಬಗ್ಗೆಯೇ. ಹಳದಿ ಬೆರೆತ ಬಿಳಿ ಇದೆ, ನೀಲಿ ಬೆರೆತದ್ದಿದೆ, ಹಸಿರಿನ ಸುಳಿವು ಇರುವುದೂ ಇದೆ. ಬಿಡಿಯಾಗಿ ನೋಡಿದರೆ ಎಲ್ಲವೂ ಬಿಳಿಯೇ. ಪ್ರಿಂಟರ್‌ಗೆ ಹಾಕುವ ಹಾಳೆ ಒಂದನ್ನು ಪಕ್ಕದಲ್ಲಿಟ್ಟು ನೋಡಿ, ಒಳಗಿನ ಛಾಯೆ ಆಚೆ ಬರುತ್ತದೆ. ಬೂದಿಗೂ ಇದೇ ಉಪಾಯ. ಬಾಗಿಲ ಚೌಕಟ್ಟಿಗೆ ಒಂದು ಬಿಳಿ, ಗೋಡೆಗೆ ಇನ್ನೊಂದು ಬಿಳಿ ಆಯಿತೋ, ಎರಡರಲ್ಲಿ ಒಂದು ಕೊಳೆಯಾದಂತೆ ಕಾಣುತ್ತದೆ.

ಇನ್ನೊಂದು ಮಾತು. ಬಾಗಿಲಿಗೆ ಹೊಡೆಯುವ ಆಯಿಲ್ ಎನಾಮೆಲ್‌ನ ಬಿಳಿ ಬೆಳಕು ಬೀಳದ ಕಡೆ ಬರಬರುತ್ತಾ ಹಳದಿಯಾಗುತ್ತದೆ. ಬಾಗಿಲಿಗೆ ಒರಗಿಸಿಟ್ಟ ಕಪಾಟನ್ನು ಸರಿಸಿದಾಗ ಅದರ ಅಂಚು ಗೀಟು ಹಾಕಿದಷ್ಟು ಸ್ಪಷ್ಟವಾಗಿ ಗೊತ್ತಾಗುತ್ತದೆ. ನೀರಿನಲ್ಲಿ ಕಲಸುವ ಎನಾಮೆಲ್‌ನಲ್ಲಿ ಈ ತೊಂದರೆ ಕಡಿಮೆ.

ಬಿಳಿಹಾಳೆ ಅವರೇ, ಕಿಟಕಿಗಳು ಯಾವ ದಿಕ್ಕಿಗೆ? ಅದು ಗೊತ್ತಿಲ್ಲದೆ ಬಣ್ಣದ ಹೆಸರು ಹೇಳುವುದು ಸುಮ್ನೆ.

ಬಿಳಿಹಾಳೆ
ಹಾಲ್‌ನದು ಉತ್ತರ, ದೊಡ್ಡ ಕಿಟಕಿ ಒಂದೇ. ಅಡುಗೆಮನೆ ದಕ್ಷಿಣ. ನಮ್ಮ ಬೆಡ್‌ರೂಮ್ ಪಶ್ಚಿಮ, ಅಮ್ಮನದು ಪೂರ್ವ.

ನೆರಳುಬೆಳಕು
ಹಾಗಾದರೆ ನಿಮ್ಮ ನೇರಳೆಯ ಗುಟ್ಟು ಅರ್ಧ ಬಿಚ್ಚಿತು. ಭೂಮಧ್ಯರೇಖೆಯ ಉತ್ತರಕ್ಕಿರುವ ಊರುಗಳಲ್ಲಿ ಉತ್ತರದ ಕಿಟಕಿಗೆ ನೇರ ಬಿಸಿಲು ಕಡಿಮೆ. ಒಳಗೆ ಬರುವುದು ಹೆಚ್ಚಾಗಿ ಆಕಾಶದಿಂದ ಚದುರಿದ ಬೆಳಕು, ಅದರಲ್ಲಿ ನೀಲಿ ಜಾಸ್ತಿ. ಬೂದಿಗೆ ತನ್ನದೇ ಗಟ್ಟಿ ಬಣ್ಣ ಇಲ್ಲವಲ್ಲ, ಬಿದ್ದ ಬೆಳಕಿನ ಕಡೆ ವಾಲಿಬಿಡುತ್ತದೆ. ದಕ್ಷಿಣದ ಅಡುಗೆಮನೆಗೆ ಬಿಸಿಲು ಬರುತ್ತದೆ, ಅಲ್ಲಿ ಅದೇ ಬೂದು ಬೆಚ್ಚಗೆ ಕಾಣುತ್ತದೆ. ದಕ್ಷಿಣಾರ್ಧಗೋಳದಲ್ಲಿ ಇರುವವರು ಇದನ್ನು ಉಲ್ಟಾ ಓದಿಕೊಳ್ಳಿ. ಭೂಮಧ್ಯರೇಖೆಗೆ ಹತ್ತಿರ ಇದ್ದರೆ ಎರಡೂ ಕಡೆಯ ಕಿಟಕಿಗೆ ವರ್ಷದ ಒಂದಷ್ಟು ಕಾಲ ಬಿಸಿಲು ಬರುತ್ತದೆ, ಅಲ್ಲಿ ಈ ಲೆಕ್ಕ ಅಷ್ಟು ಬಿಗಿ ಇಲ್ಲ.

ಪೂರ್ವದ ಕೋಣೆ ಬೆಳಿಗ್ಗೆ ಬೆಚ್ಚಗೆ, ಮಧ್ಯಾಹ್ನದ ಮೇಲೆ ಮಂಕು. ಪಶ್ಚಿಮದ್ದು ಬೆಳಿಗ್ಗೆ ಮಂಕಾಗಿದ್ದು ಸಂಜೆ ಕಿತ್ತಳೆಗೆ ತಿರುಗುತ್ತದೆ. ಅದಕ್ಕೇ ಬಣ್ಣ ಕೇಳುವ ಮೊದಲು ಆ ಕೋಣೆಯಲ್ಲಿ ಯಾವ ಹೊತ್ತು ಜಾಸ್ತಿ ಇರುತ್ತೀರಿ ಅಂತ ಕೇಳಿಕೊಳ್ಳಿ. ಬರೀ ರಾತ್ರಿ ಬಳಸುವ ಬೆಡ್‌ರೂಮ್‌ಗೆ ಹಗಲಲ್ಲಿ ನಿಂತು ಬಣ್ಣ ಆರಿಸಿದರೆ ಏನು ಪ್ರಯೋಜನ?

ರಾತ್ರಿ ಅಂದರೆ ಬಲ್ಬು. ಅದರ ಡಬ್ಬಿಯ ಮೇಲೆ ಕೆಲ್ವಿನ್ ಲೆಕ್ಕ ಇರುತ್ತದೆ. 2700 ಅಂದರೆ ಹಳದಿ ಕಡೆಯ ಬೆಚ್ಚನೆ ಬೆಳಕು. 4000 ನಡುವಿನದು. 6500 ನೀಲಿ ಕಡೆಯ ಬಿಳಿ. 6500ರ ಟ್ಯೂಬ್‌ಲೈಟ್ ಕೆಳಗೆ ಒಪ್ಪಿದ ಬೂದು 2700ರ ಬಲ್ಬಿಗೆ ಬಂದರೆ ಮಣ್ಣಿನ ಬಣ್ಣ ಆಗಬಹುದು. ಅದೇ ಡಬ್ಬಿ ಮೇಲೆ ಸಿಆರ್‌ಐ ಅಂತ ಇನ್ನೊಂದು ಸಂಖ್ಯೆ ನೋಡಿ. ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಅನ್ನುವುದರ ಅಳತೆ ಅದು, 100 ಗರಿಷ್ಠ. ಮಾಮೂಲಿ ಎಲ್‌ಇಡಿಗಳು 80ರ ಆಸುಪಾಸು. 90 ದಾಟಿದ್ದು ಸಿಕ್ಕರೆ ತಗೊಳ್ಳಿ. ಕಡಿಮೆ ಇದ್ದರೆ ಮೊದಲು ಕಳೆಗುಂದುವುದು ಕೆಂಪು. ಮರದ ಮೇಜು, ಮುಖದ ಬಣ್ಣ ಎಲ್ಲ ಸಪ್ಪೆ.

ಬಲ್ಬು ಮೊದಲು ನಿಗದಿಯಾಗಲಿ, ಪೇಂಟ್ ಆಮೇಲೆ. ಪೇಂಟ್ ಆದ ಮೇಲೆ ಬಲ್ಬು ಬದಲಾಯಿಸಿದರೆ ಬಣ್ಣವನ್ನೇ ಬದಲಾಯಿಸಿದ ಹಾಗೆ.

ಕರ್ಟನ್‌ಕಥೆ
ಉಳಿದರ್ಧ ಗುಟ್ಟು ಸೋಫಾದಲ್ಲಿದೆ. ಕಾರ್ಡ್ ಹಿಡಿದದ್ದು ಕಡು ಹಸಿರು ಸೋಫಾದ ಹಿಂದೆ ಅಲ್ವಾ? ಹಸಿರಿನ ಪಕ್ಕ ಇಟ್ಟ ಬೂದು ಕಣ್ಣಿಗೆ ಕೆಂಪಿನ ಕಡೆ ವಾಲಿದಂತೆ ಕಾಣುತ್ತದೆ. ಕಿಟಕಿಯಿಂದ ನೀಲಿ, ಸೋಫಾದಿಂದ ಈ ಕೆಂಪಿನ ಭ್ರಮೆ, ಮೇಲಿಂದ ಗುಲಾಬಿ ಟೈಲ್ಸ್‌ನಿಂದ ಪುಟಿದ ಬೆಳಕು. ನೇರಳೆ ಆಗದೆ ಇನ್ನೇನಾಗುತ್ತೆ ಹೇಳಿ.

ಇದು ಹಳೆಯ ಕಥೆ. ಪ್ಯಾರಿಸ್‌ನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಮಿಶೆಲ್ ಷೆವ್ರಲ್ ಅನ್ನುವ ರಸಾಯನಶಾಸ್ತ್ರಜ್ಞ ಬಣ್ಣಗಾರಿಕೆಯ ಮುಖ್ಯಸ್ಥರಾಗಿದ್ದರು. ಕಪ್ಪು ನೂಲು ಸರಿಯಾಗಿ ಕಪ್ಪಾಗಿಲ್ಲ ಅಂತ ದೂರು ಬಂತು. ಪರೀಕ್ಷೆ ಮಾಡಿದರೆ ಬಣ್ಣದಲ್ಲಿ ದೋಷ ಇಲ್ಲ. ಪಕ್ಕದಲ್ಲಿ ನೇಯ್ದ ನೀಲಿ, ನೇರಳೆ ನೂಲುಗಳಿಂದ ಕಪ್ಪು ಪೇಲವವಾಗಿ ಕಾಣುತ್ತಿತ್ತು ಅಷ್ಟೇ. 1839ರಲ್ಲಿ ಅವರು ಇದರ ಬಗ್ಗೆ ದೊಡ್ಡ ಪುಸ್ತಕವನ್ನೇ ತಂದರು. ಆಗ ಕಾರ್ಖಾನೆಯ ಬಣ್ಣದ ತೊಟ್ಟಿಯಲ್ಲಿ ತಪ್ಪಿರಲಿಲ್ಲ, ಈಗ ನಿಮ್ಮ ಕಾರ್ಡಿನಲ್ಲೂ ಇಲ್ಲ.

ಹಾಗಾಗಿ ಬೂದೇ ಬೇಕು ಅಂದರೆ ಸ್ವಲ್ಪ ಹಳದಿ ಅಥವಾ ಹಸಿರು ಬೆರೆತ ಬೂದು ನೋಡಿ. ಕಾರ್ಡಿನಲ್ಲಿ ಅದು ಕೊಂಚ ಕೊಳಕಾಗಿ ಕಾಣುತ್ತದೆ, ಹೆದರಬೇಡಿ. ನಿಮ್ಮ ಹಾಲ್‌ನಲ್ಲಿ ಅದೇ ಶುದ್ಧ ಬೂದಾಗಿ ಕಾಣುವ ಸಾಧ್ಯತೆ ಜಾಸ್ತಿ.

ಪೇಂಟ್ ಅಂಗಡಿಯಲ್ಲಿ ಸಾವಿರಾರು ಶೇಡ್ ಕಲಸಿ ಕೊಡುತ್ತಾರೆ. ಪರದೆ ಬಟ್ಟೆ ಅಷ್ಟು ಬಣ್ಣದಲ್ಲಿ ಎಲ್ಲಿ ಸಿಗಬೇಕು? ಬಟ್ಟೆ ಮೊದಲು, ಗೋಡೆ ಕೊನೆಗೆ. ಎಷ್ಟೋ ಜನ ಗೋಡೆ ಮುಗಿಸಿಕೊಂಡು ಅದಕ್ಕೆ ಹೊಂದುವ ಪರದೆ ಹುಡುಕುತ್ತಾ ಅಲೆಯುತ್ತಾರೆ.

ಬಿಳಿಹಾಳೆ
ಕಾರ್ಡನ್ನು ಸೋಫಾದಿಂದ ದೂರ, ಕಿಟಕಿ ಪಕ್ಕದ ಗೋಡೆಗೆ ಹಿಡಿದು ನೋಡಿದೆ. ನೇರಳೆ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ನೀವಿಬ್ಬರೂ ಸರಿ ಅನ್ನಿಸುತ್ತೆ!

ರೋಲರ್‌ಕೈ
ಆ ಚಿಕ್ಕ ಕಾರ್ಡನ್ನು ಇನ್ನು ಎತ್ತಿಡಿ. ಅದು ಅಂಗಡಿಯಲ್ಲಿ ಬೆರಳು ತೋರಿಸೋಕೆ ಮಾತ್ರ. ಅಂಗೈಯಗಲದ ಬಣ್ಣ ನಾಲ್ಕು ಗೋಡೆಗೆ ಬಂದಾಗ ಗಟ್ಟಿಯಾಗುತ್ತದೆ. ಒಂದು ಗೋಡೆಯ ಬೆಳಕು ಎದುರು ಗೋಡೆಗೆ ಬಡಿದು, ಅಲ್ಲಿ ಇನ್ನಷ್ಟು ಬಣ್ಣ ಹಚ್ಚಿಕೊಂಡು ವಾಪಸ್ ಬರುತ್ತದೆ. ಎರಡು ಗೋಡೆ ಸೇರುವ ಮೂಲೆ ಗಮನಿಸಿ, ಬಣ್ಣ ಅಲ್ಲಿ ಯಾವಾಗಲೂ ಒಂದು ಪಟ್ಟು ಜಾಸ್ತಿ. ಹಳದಿಯಲ್ಲಂತೂ ವಿಪರೀತ. ಕಾರ್ಡಿನಲ್ಲಿ ಸೌಮ್ಯವಾಗಿದ್ದ ಹಳದಿ ಚಿಕ್ಕ ಕೋಣೆಯಲ್ಲಿ ಕಣ್ಣಿಗೆ ರಾಚುತ್ತದೆ. ಹಳದಿ ಇಷ್ಟ ಅನ್ನುವವರಿಗೆ ನಾನು ಯಾವಾಗಲೂ ಕಾರ್ಡಿನಲ್ಲಿ ಒಂದೆರಡು ಹಂತ ತಿಳಿ ಶೇಡ್‌ಗೆ ಇಳಿಯಿರಿ ಅಂತೀನಿ.

ಹೀಗೆ ಮಾಡಿ. ದಪ್ಪ ರಟ್ಟೋ ಪ್ಲೈವುಡ್ ತುಂಡೋ ತಗೊಳ್ಳಿ, ಎರಡು ಹಾಳೆಯಗಲ ಇದ್ದರೆ ಸಾಕು. ಪ್ರೈಮರ್ ಬಳಿದು ಅದರ ಮೇಲೆ ಸ್ಯಾಂಪಲ್ ಪೇಂಟ್ ಎರಡು ಕೋಟ್. ಸುತ್ತ ಎರಡು ಬೆರಳಗಲ ಬಿಳಿ ಅಂಚು ಬಿಡಿ, ಹಳೆ ಗೋಡೆಯ ಬಣ್ಣ ಕಣ್ಣು ತಪ್ಪಿಸದ ಹಾಗೆ. ಪೂರ್ತಿ ಒಣಗಲಿ. ಎಮಲ್ಷನ್, ಅಂದರೆ ಗೋಡೆಗೆ ಹೊಡೆಯುವ ನೀರಿನ ಪೇಂಟ್, ಹಸಿಯಿದ್ದಾಗ ತಿಳಿಯಾಗಿರುತ್ತದೆ, ಒಣಗಿದ ಮೇಲೆ ಒಂದು ಹಂತ ಗಾಢ ಆಗುತ್ತದೆ. ಅದರಲ್ಲಿರುವ ಅಂಟು ಹಸಿಯಲ್ಲಿ ಹಾಲುಬಿಳಿ, ಒಣಗಿದಾಗ ಪಾರದರ್ಶಕ, ಅದಕ್ಕೆ ಹಾಗೆ. ಆಮೇಲೆ ಬೋರ್ಡನ್ನು ನೆಟ್ಟಗೆ ನಿಲ್ಲಿಸಿ ನೋಡಿ. ನೆಲದ ಮೇಲೆ ಮಲಗಿಸಿದರೆ ಬೆಳಕು ಬೀಳುವ ರೀತಿಯೇ ಬೇರೆ. ಕಿಟಕಿ ಇರುವ ಗೋಡೆ, ಅದರ ಎದುರು ಗೋಡೆ, ಸೋಫಾ ಹಿಂದೆ, ರಾತ್ರಿ ಬಲ್ಬಿನ ಕೆಳಗೆ. ಸುಮ್ನೆ ಗೋಡೆ ಮೇಲೆಯೇ ತೇಪೆ ತೇಪೆ ಬಳಿಯಬೇಡಿ. ಅದರ ಅಂಚು ಆಮೇಲೆ ಹೊಸ ಪೇಂಟಿನ ಕೆಳಗಿಂದ ಇಣುಕುತ್ತದೆ, ಉಪ್ಪುಕಾಗದ ಹಿಡಿದು ಉಜ್ಜುವುದು ನಮ್ಮ ಪಾಲಿಗೆ.

ಮತ್ತೆ, ಬೋರ್ಡಿನ ಫೋಟೊ ತೆಗೆದು ಇಲ್ಲಿ ಹಾಕಿ ಯಾವುದು ಚೆನ್ನಾಗಿದೆ ಅಂತ ಕೇಳಬೇಡಿ. ಫೋನ್ ಕ್ಯಾಮೆರಾ ಬಿಳಿಯನ್ನು ತಾನೇ ಲೆಕ್ಕ ಹಾಕಿಕೊಂಡು ಬಣ್ಣ ತಿದ್ದುತ್ತದೆ. ನೀವು ಕಂಡದ್ದು ನಮಗೆ ಕಾಣುವುದಿಲ್ಲ.

ಕಡುನೀಲಿ
ಪ್ಯಾಸೇಜ್ ವಿಷಯಕ್ಕೆ ಬರ್ತೀನಿ. ಕತ್ತಲೆ ಜಾಗಕ್ಕೆ ಬಿಳಿ ಹಾಕಿದರೆ ಬೆಳಕಾಗುತ್ತೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಬೆಳಕೇ ಇಲ್ಲದಿದ್ದರೆ ಬಿಳಿ ಏನನ್ನು ವಾಪಸ್ ಕೊಡುತ್ತದೆ? ಕಿಟಕಿ ಇಲ್ಲದ ಕಡೆ ಬಿಳಿ ಬೂದಿ ಬಳಿದ ಹಾಗೆ ಮಂಕಾಗಿ ಕಾಣುತ್ತದೆ. ಅಲ್ಲಿ ಗಟ್ಟಿ ಬಣ್ಣ ಹಾಕಿ. ಕಡು ಹಸಿರು, ಕಡು ನೀಲಿ, ಮಣ್ಣುಗೆಂಪು ಯಾವುದಾದರೂ. ಅದು ಹಾದುಹೋಗುವ ಜಾಗ, ಕೂತು ಓದುವ ಜಾಗವಲ್ಲ. ಕತ್ತಲೆಯಿಂದ ಹಾಲ್‌ಗೆ ಕಾಲಿಟ್ಟರೆ ಹಾಲ್ ಇದ್ದುದಕ್ಕಿಂತ ಬೆಳ್ಳಗೆ ಕಾಣುತ್ತದೆ.

ಸುಣ್ಣದಗೋಡೆ
ಚಿತ್ರದಲ್ಲಿ ಚೆನ್ನಾಗಿರುತ್ತೆ. ರಾತ್ರಿ ನೀರು ಕುಡಿಯೋಕೆ ಎದ್ದವರು ಸ್ವಿಚ್ ಹುಡುಕಿ ಗೋಡೆ ತಡವಬೇಕಾಗುತ್ತೆ. ಬಿಳಿ ಇದ್ದರೆ ಒಂದು ಪುಟ್ಟ ಬಲ್ಬಿಗೇ ಪ್ಯಾಸೇಜ್ ಪೂರ್ತಿ ಕಾಣುತ್ತದೆ. ನಿಮ್ಮ ಕಡು ನೀಲಿಗೆ ಎಷ್ಟು ಬಲ್ಬು ಬೇಕು?

ನೆರಳುಬೆಳಕು
ಇಬ್ಬರ ಜಗಳಕ್ಕೂ ಒಂದು ಅಳತೆ ಇದೆ. ಅನೇಕ ಕಂಪನಿಗಳು ಪ್ರತಿ ಶೇಡ್‌ಗೂ ಎಲ್‌ಆರ್‌ವಿ ಅನ್ನುವ ಸಂಖ್ಯೆ ಕೊಡುತ್ತವೆ. ಬಿದ್ದ ಬೆಳಕಿನಲ್ಲಿ ಎಷ್ಟು ಪಾಲು ವಾಪಸ್ ಬರುತ್ತದೆ ಅಂತ. ಪೂರ್ತಿ ಕಪ್ಪಿಗೆ 0, ಪೂರ್ತಿ ಬಿಳಿಗೆ 100. 50 ಇದ್ದರೆ ಅರ್ಧ ಬೆಳಕು ಗೋಡೆಯಲ್ಲೇ ಉಳಿಯಿತು. ಕಡು ನೀಲಿಯದು ಹತ್ತರ ಒಳಗೂ ಇರಬಹುದು. ಅಂದರೆ ಬಲ್ಬಿನ ವಿಷಯದಲ್ಲಿ ಸುಣ್ಣದಗೋಡೆ ಹೇಳಿದ್ದು ಲೆಕ್ಕಕ್ಕೆ ಸರಿ. ಹಗಲಲ್ಲಿ ಬೆಳಕಿಲ್ಲದ ಬಿಳಿ ಮಂಕು ಅನ್ನುವುದರಲ್ಲಿ ಕಡುನೀಲಿ ಸರಿ.

ನನ್ನ ಆಯ್ಕೆ ಕೇಳಿದರೆ, ಸೀಲಿಂಗ್ ಬಿಳಿ ಇರಲಿ. ಬೆಳಕನ್ನು ಕೆಳಕ್ಕೆ ಚೆಲ್ಲದೆ ಸೀಲಿಂಗ್‌ಗೆ ಹೊಡೆಯುವ ಹಾಗೆ ಲೈಟ್ ಇಡಿ. ಆಮೇಲೆ ಗೋಡೆಗೆ ನಡುವಿನ ಗಾಢದ ಯಾವ ಬಣ್ಣವಾದರೂ ನಿಲ್ಲುತ್ತದೆ. ಒಂದು ಎಚ್ಚರಿಕೆ, ಅಲ್ಲಿ ಮಣ್ಣುಗೆಂಪು ಬೇಡ. ಮಸುಕು ಬೆಳಕಿನಲ್ಲಿ ನಮ್ಮ ಕಣ್ಣಿಗೆ ಕೆಂಪು ಕಪ್ಪಾಗುತ್ತಾ ಹೋಗುತ್ತದೆ, ನೀಲಿ ಹಸಿರು ಉಳಿದುಕೊಳ್ಳುತ್ತವೆ. ಯಾನ್ ಪುರ್ಕಿನ್ಯೆ ಅನ್ನುವ ಚೆಕ್ ವಿಜ್ಞಾನಿ 1819ರಲ್ಲೇ ಇದನ್ನು ಗಮನಿಸಿದ್ದರು. ಸಂಜೆ ಹೊತ್ತಾದಂತೆ ಕೆಂಪು ಹೂವು ಕಪ್ಪಾಗಿ, ಅದರ ಎಲೆ ಮಾತ್ರ ಎದ್ದು ಕಾಣುವುದನ್ನು ನೀವೂ ನೋಡಿರುತ್ತೀರಿ.

ಕಡುನೀಲಿ
ಸರಿ, ಮಣ್ಣುಗೆಂಪು ಬಿಟ್ಟೆ. ನೀಲಿ ಬಿಡಲ್ಲ.

ಬಿಳಿಹಾಳೆ
😄 ಹಾಗಾದರೆ ಬೆಡ್‌ರೂಮ್ ನೀಲಿ ನಿದ್ದೆಯ ಕಥೆ?

ನೆರಳುಬೆಳಕು
ಗೋಡೆಯ ಬಣ್ಣ ನೋಡಿ ನಿದ್ದೆ ಬರುತ್ತೆ ಅನ್ನುವುದಕ್ಕೆ ಗಟ್ಟಿ ಆಧಾರ ನನ್ನ ಕಣ್ಣಿಗಂತೂ ಬಿದ್ದಿಲ್ಲ. ನಿದ್ದೆ ಕೆಡಿಸುವುದು ಮಲಗುವ ಮುಂಚೆ ಕಣ್ಣಿಗೆ ಬೀಳುವ ಜೋರು ಬೆಳಕು, ಅದರಲ್ಲೂ ನೀಲಿ ಜಾಸ್ತಿ ಇರುವ ಬೆಳಕು. ಅದು ನಿದ್ದೆಗೆ ಸಹಾಯ ಮಾಡುವ ಮೆಲಟೋನಿನ್ ಹಾರ್ಮೋನನ್ನು ತಡೆಯುತ್ತದೆ. ಅಂದರೆ ಗೋಡೆಗೆ ನೀಲಿ ಹೊಡೆದು, ಮೇಲೆ 6500ರ ಬಲ್ಬ್ ಉರಿಸಿಕೊಂಡು ಮಲಗುವವರೆಗೂ ಕೂತರೆ ನಿದ್ದೆಗೆ ಏನೂ ಲಾಭ ಇಲ್ಲ.

ಬಣ್ಣದ ಮನಶ್ಶಾಸ್ತ್ರ ಅಂತ ಓಡಾಡುವ ಮಾತುಗಳನ್ನು ಅರ್ಧಕ್ಕರ್ಧ ಕಡಿಮೆ ಮಾಡಿ ಕೇಳಿ. 1979ರಲ್ಲಿ ಅಮೆರಿಕದ ನೌಕಾಪಡೆಯ ಒಂದು ಸೆರೆಮನೆಯ ಕೋಣೆಗೆ ಗುಲಾಬಿ ಬಳಿದರು. ಕೈದಿಗಳ ಸಿಟ್ಟು ಇಳಿಯಿತು ಅಂತ ದೊಡ್ಡ ಸುದ್ದಿ. ಆಮೇಲೆ ಎಷ್ಟೋ ಕಡೆ ಗುಲಾಬಿ ಸೆಲ್‌ಗಳಾದವು. ಮುಂದೆ ಸ್ವಿಟ್ಜರ್ಲೆಂಡಿನ ಜೈಲೊಂದರಲ್ಲಿ ಗುಲಾಬಿ ಸೆಲ್‌ಗೂ ಬಿಳಿ ಸೆಲ್‌ಗೂ ಹೋಲಿಸಿ ನೋಡಿದಾಗ ಅಂಥ ವ್ಯತ್ಯಾಸ ಸಿಗಲಿಲ್ಲ. ಇಷ್ಟವಾದ ಬಣ್ಣದ ಕೋಣೆಯಲ್ಲಿ ಮಲಗಿದರೆ ಮನಸ್ಸಿಗೆ ಹಿತ, ಅಷ್ಟರ ಮಟ್ಟಿಗೆ ನಿಜ.

ನಿಮ್ಮದು ಪಶ್ಚಿಮದ ಕೋಣೆ. ಸಂಜೆಯ ಬಿಸಿಲಿಗೆ ಕಿತ್ತಳೆ, ಪೀಚ್ ಥರದವು ಉರಿಯುತ್ತವೆ. ನೀಲಿ ಹಸಿರಿನ ನಡುವಿನ ಮಬ್ಬು ಬಣ್ಣ ಆ ಬಿಸಿಲನ್ನು ತಡೆದುಕೊಳ್ಳುತ್ತದೆ. ನಿದ್ದೆಗಾಗಿ ಅಲ್ಲ, ಈ ಕಾರಣಕ್ಕೆ ನೀಲಿ ಹಾಕಿ.

ಹಳೆಮನೆ
ಅಮ್ಮನ ಕೋಣೆ ಅಂದಿರಲ್ಲ, ಅದನ್ನು ಯಾರೂ ಮಾತಾಡಲಿಲ್ಲ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತದೆ. ತಿಳಿ ನೀಲಿಗೂ ತಿಳಿ ಹಸಿರಿಗೂ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಬೆಳಕೂ ಜಾಸ್ತಿ ಬೇಕು. ಅಲ್ಲಿ ನಯವಾದ ಒಂದೇ ಥರದ ತಿಳಿ ಬಣ್ಣಗಳನ್ನು ಗೋಡೆ, ಬಾಗಿಲು, ನೆಲಕ್ಕೆಲ್ಲ ಹಾಕಿದರೆ ನಮಗೆ ಚೆಂದ, ಅವರಿಗೆ ಗೋಡೆ ಎಲ್ಲಿ ಮುಗಿದು ಬಾಗಿಲು ಎಲ್ಲಿ ಶುರು ಅಂತ ತಿಳಿಯುವುದಿಲ್ಲ. ನೆರಳುಬೆಳಕು ಹೇಳಿದ ಎಲ್‌ಆರ್‌ವಿ ಇಲ್ಲಿ ಬಹಳ ಉಪಯೋಗ. ಕಟ್ಟಡ ವಿನ್ಯಾಸದವರು ಪಕ್ಕಪಕ್ಕದ ಎರಡು ಮೇಲ್ಮೈಗಳ ನಡುವೆ 30 ಅಂಕದ ಅಂತರ ಇಡಿ ಅಂತಾರೆ. ಬಾಗಿಲ ಚೌಕಟ್ಟು ಗೋಡೆಗಿಂತ ಗಾಢ ಇರಲಿ. ಸ್ವಿಚ್ ಬೋರ್ಡ್ ಗೋಡೆಯಲ್ಲಿ ಕರಗಿಹೋಗದಿರಲಿ. ಬಾತ್‌ರೂಮ್‌ನಲ್ಲಿ ಹಿಡಿದುಕೊಳ್ಳುವ ಸರಳು ಟೈಲ್ಸ್‌ಗಿಂತ ಬೇರೆಯಾಗಿಯೇ ಕಾಣಲಿ. ಹೊಳಪು ಪೇಂಟ್ ಬೇಡ, ಕಿಟಕಿ ಬೆಳಕು ಅದರಲ್ಲಿ ಮಿಂಚಿ ಕಣ್ಣು ಕುಕ್ಕುತ್ತದೆ.

ಮನೆ ಹಳೆಯದಾ? ಹಳೆ ಪೇಂಟನ್ನು ಒಣಗಿದ್ದ ಹಾಗೆಯೇ ಉಜ್ಜಿಸಬೇಡಿ, ಅದರಲ್ಲಿ ಸೀಸ ಇರಬಹುದು. ಅಮೆರಿಕದಲ್ಲಿ ಮನೆ ಪೇಂಟಿಗೆ ಸೀಸ ನಿಷೇಧ ಆದದ್ದೇ 1978ರಲ್ಲಿ. ಆ ಧೂಳು ಮಕ್ಕಳಿಗೆ ತುಂಬಾ ಕೆಟ್ಟದ್ದು. ಮೊದಲು ಪರೀಕ್ಷೆ ಮಾಡಿಸಿ.

ಬಿಳಿಹಾಳೆ
ಮನೆ ಹೊಸದು, ಆದರೂ ಥ್ಯಾಂಕ್ಸ್. ಅಮ್ಮನ ಕೋಣೆಗೆ ಬಾಗಿಲು ಗಾಢ ಅನ್ನುವುದು ನಮಗೆ ಹೊಳೆದೇ ಇರಲಿಲ್ಲ. ಗೋಡೆಗೆ ಕೆನೆಬಣ್ಣ, ಚೌಕಟ್ಟಿಗೆ ಕಡು ಕಂದು ಅಂತ ಅವರೇ ಆರಿಸಿದರು.

ಹೊಳಪಿನ ಬಗ್ಗೆ ಇನ್ನೊಂದು. ಅಡುಗೆಮನೆ, ಬಾತ್‌ರೂಮ್‌ಗೆ ಯಾವುದು?

ರೋಲರ್‌ಕೈ
ಹೊಸ ಮನೆ ಅಂದರೆ ಗಾರೆ ಒಣಗಿದೆಯಾ ನೋಡಿಕೊಳ್ಳಿ ಮೊದಲು. ಸಿಮೆಂಟ್ ಗಾರೆಗೆ ಕಡಿಮೆ ಅಂದರೂ 28 ದಿನ ಬಿಡಬೇಕು. ಹಸಿ ಗಾರೆ ಕ್ಷಾರ. ಅದರ ಮೇಲೆ ಪೇಂಟ್ ಬಿದ್ದರೆ ಬಣ್ಣ ಅಲ್ಲಲ್ಲಿ ಬಿಳಿಚಿಕೊಳ್ಳುತ್ತದೆ, ಬಿಳಿ ಉಪ್ಪು ಮೇಲೇಳುತ್ತದೆ. ಎಷ್ಟು ಒಳ್ಳೆ ಶೇಡ್ ಆರಿಸಿದ್ದರೂ ವ್ಯರ್ಥ.

ಹೊಳಪು: ಮ್ಯಾಟ್ ಅಂದರೆ ಹೊಳಪಿಲ್ಲದ ಪೇಂಟ್, ಅದು ಗೋಡೆಯ ಉಬ್ಬುತಗ್ಗು ಮುಚ್ಚುತ್ತದೆ, ಉಜ್ಜಿ ತೊಳೆದರೆ ಗುರುತು ಉಳಿಯುತ್ತದೆ. ಹೊಳಪು ಹೆಚ್ಚಿದಷ್ಟೂ ಒರೆಸಲು ಸುಲಭ, ಪುಟ್ಟಿ ಕೆಲಸದ ದೋಷವೂ ಅಷ್ಟೇ ಎದ್ದು ಕಾಣುತ್ತದೆ. ಸೀಲಿಂಗ್‌ಗೆ ಮ್ಯಾಟ್. ಹಾಲ್, ಬೆಡ್‌ರೂಮ್‌ಗೆ ಮ್ಯಾಟ್ ಅಥವಾ ಅದಕ್ಕಿಂತ ಒಂದು ಚೂರು ಹೊಳಪಿನದು. ಅಡುಗೆಮನೆ, ಬಾತ್‌ರೂಮ್‌ಗೆ ಸ್ಯಾಟಿನ್, ಅಂದರೆ ನಡುವಿನ ಹೊಳಪಿನದು, ಸಾಕು. ಬಾತ್‌ರೂಮ್‌ಗೆ ಬೂಸ್ಟು ತಡೆಯುವ ಪೇಂಟ್ ಸಿಗುತ್ತದೆ, ಆದರೆ ಹಬೆ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಅದೂ ಜಾಸ್ತಿ ದಿನ ನಿಲ್ಲಲ್ಲ.

ಪ್ಯಾಸೇಜ್‌ಗೆ ಕಡುನೀಲಿ ಅವರ ಮಾತು ಕೇಳಿದರೆ ಒಂದು ಕೋಟ್ ಜಾಸ್ತಿ ಲೆಕ್ಕ ಹಾಕಿಕೊಳ್ಳಿ. ಗಾಢ ಶೇಡ್ ಕಲಸುವ ಬೇಸ್‌ನಲ್ಲಿ (ಬಣ್ಣ ಬೆರೆಸುವ ಮೊದಲಿನ ಪೇಂಟ್) ಟೈಟಾನಿಯಂ ಡೈಆಕ್ಸೈಡ್ ಅನ್ನುವ ಬಿಳಿ ಪುಡಿ ಕಡಿಮೆ ಇರುತ್ತದೆ, ಕೆಳಗಿನ ಬಣ್ಣ ಮುಚ್ಚುವ ಶಕ್ತಿ ಆ ಬೇಸ್‌ಗೆ ಸಾಲದು. ಕೆಳಗೆ ಬೂದು ಪ್ರೈಮರ್ ಹಾಕಿಸಿ, ಕೆಲಸ ಹಗುರ ಆಗುತ್ತೆ.

ಕರ್ಟನ್‌ಕಥೆ
ಹಾಲ್ ಏನಾಯಿತು? ಬೋರ್ಡ್ ಮಾಡಿದಿರಾ?

ಬಿಳಿಹಾಳೆ
ಮಾಡಿದೆ. ಹಸಿರು ಬೆರೆತ ಬೂದು ನೀವು ಹೇಳಿದ ಹಾಗೆಯೇ ಆಯಿತು, ಸೋಫಾ ಹಿಂದೆ ಇಟ್ಟರೆ ನೇರಳೆ ಮಾಯ. ಆದರೆ ಅದರ ಜೊತೆ ಸುಮ್ನೆ ಮಾಡಿದ ಇನ್ನೊಂದು ಬೋರ್ಡ್ ಎಲ್ಲರಿಗೂ ಇಷ್ಟವಾಗಿಬಿಟ್ಟಿದೆ. ಮರಳಿನ ಬಣ್ಣ. ಉತ್ತರದ ಬೆಳಕಿಗೆ ಅದು ತಣ್ಣಗಾಗುತ್ತಿಲ್ಲ, ಟೈಲ್ಸ್ ಜೊತೆಗೂ ಜಗಳ ಇಲ್ಲ. ಬೂದು ಬಿಟ್ಟು ಅದಕ್ಕೆ ಹೋಗುತ್ತಿದ್ದೇವೆ. ಪ್ಯಾಸೇಜ್‌ಗೆ ಕಡು ಹಸಿರು, ಸೀಲಿಂಗ್ ಬಿಳಿ.

ಕಡುನೀಲಿ
ಹಸಿರಾದರೂ ಆಯ್ತು. ಸುಣ್ಣದಗೋಡೆ ಎಲ್ಲಿ?

ಸುಣ್ಣದಗೋಡೆ
ಇಲ್ಲೇ ಇದ್ದೀನಿ. ಸೀಲಿಂಗ್ ನನ್ನದು.

ರೋಲರ್‌ಕೈ
ಖರೀದಿಗೆ ಮುಂಚೆ ಒಂದು ಮಾತು. ಒಂದು ಕೋಣೆಗೆ ಬೇಕಾದಷ್ಟು ಡಬ್ಬಿ ಒಟ್ಟಿಗೇ ಕಲಸಿಸಿ. ಮೆಷಿನ್‌ನಲ್ಲಿ ಕಲಸಿದರೂ ಡಬ್ಬಿಯಿಂದ ಡಬ್ಬಿಗೆ ಕೂದಲೆಳೆಯ ವ್ಯತ್ಯಾಸ ಬರಬಹುದು. ಎಲ್ಲವನ್ನೂ ದೊಡ್ಡ ಬಕೆಟ್‌ಗೆ ಸುರಿದು ಒಟ್ಟಿಗೆ ಕಲಕಿ ಶುರು ಮಾಡಲು ಪೇಂಟರ್‌ಗೆ ಹೇಳಿ. ಉಳಿದದ್ದನ್ನು ಗಾಳಿಯಾಡದ ಸಣ್ಣ ಡಬ್ಬಿಗೆ ತುಂಬಿ, ಶೇಡ್ ಕೋಡ್, ಬೇಸ್, ತಾರೀಕು, ಯಾವ ಕೋಣೆ ಅಂತ ಮುಚ್ಚಳದ ಮೇಲೆ ಬರೆದಿಡಿ.

ಬಿಳಿಹಾಳೆ
ಮುಂದೆ ಗೋಡೆಗೆ ಗೀರು ಬಿದ್ದರೆ ಆ ಜಾಗಕ್ಕೆ ಮಾತ್ರ ಅದನ್ನು ಹಚ್ಚಿದರೆ ಸಾಕಲ್ವಾ?

ರೋಲರ್‌ಕೈ
ಮ್ಯಾಟ್ ಆದರೆ ಹೆಚ್ಚುಕಡಿಮೆ ಕೂಡಿಕೊಳ್ಳುತ್ತದೆ. ಮೊದಲು ರೋಲರ್‌ನಲ್ಲಿ ಹೊಡೆದಿದ್ದರೆ ತೇಪೆಯನ್ನೂ ರೋಲರ್‌ನಲ್ಲೇ ಹೊಡೆಯಿರಿ, ಬ್ರಷ್ ಗುರುತು ಬೇರೆ ಕಾಣುತ್ತದೆ. ಸ್ಯಾಟಿನ್ ಗೋಡೆಗೆ ತೇಪೆ ಹಾಕಲು ಹೋಗಬೇಡಿ, ಮೂಲೆಯಿಂದ ಮೂಲೆಗೆ ಆ ಒಂದು ಗೋಡೆ ಪೂರ್ತಿ ಹೊಡೆಸಿ.